ಶ್ರೀರಂಗಪಟ್ಟಣದಲ್ಲಿ ಕಳೆದ ಚೊಂಬು

ಕರುಣಾ ಚೀಲಕ್ಕೆ ಕೈ ಹಾಕಿದಳು. ಬೆರಳಿಗೆ ಸಿಕ್ಕಿದ್ದು ತಾಮ್ರವಲ್ಲ — ಇಟ್ಟಿಗೆ.

ಅರ್ಧ ಇಟ್ಟಿಗೆ. ಒಂದು ಮಗ್ಗುಲಿಗೆ ಒಣಗಿದ ಪಾಚಿ, ಇನ್ನೊಂದು ಮಗ್ಗುಲಿಗೆ ಹಳೆಯ ಗಾರೆ. ಅದನ್ನು ಹೊರಗೆ ತೆಗೆದು, ಪಶ್ಚಿಮವಾಹಿನಿಯಲ್ಲಿ ಕಾವೇರಿಯ ಮೆಟ್ಟಿಲ ಮೇಲೆ ಕೂತಿದ್ದ ಪುರೋಹಿತರ ಎದುರಿಗೆ ಹಿಡಿದಳು.

ಅವರ ಮುಂದೆ ಬಾಳೆಲೆ, ಎಳ್ಳು, ದರ್ಭೆ, ಒಂದು ಬಟ್ಟಲು ಹಾಲು ಸಿದ್ಧವಾಗಿದ್ದವು. ಅಣ್ಣ ಶಿವರಾಮ ಒದ್ದೆ ಪಂಚೆಯಲ್ಲಿ ಎರಡೂ ಕೈ ಚಾಚಿ ಕೂತಿದ್ದ.

“ಇದೇನಮ್ಮ ಇದು?” ಎಂದರು ಪುರೋಹಿತರು.

“ಇಟ್ಟಿಗೆ” ಎಂದಳು ಕರುಣಾ. ಶಿಕಾರಿಪುರದ ಕಾಲೇಜಿನಲ್ಲಿ ಹಾಜರಿ ಕೂಗುವ ದನಿಯಲ್ಲೇ ಎಂದಳು.

ಅಪ್ಪ ಶೇಷಪ್ಪ ತೀರಿಕೊಂಡು ತಿಂಗಳಾಗಿತ್ತು. ಅಂದಿನಿಂದ ಅವಳೊಳಗೆ ಎಲ್ಲಕ್ಕೂ ಜೋಮು ಹಿಡಿದಿತ್ತು. ಒಂದು ಹನಿ ಅತ್ತಿರಲಿಲ್ಲ. ತಿಥಿಯೂಟಕ್ಕೆ ಎಲೆ ಹಾಕಿದಳು, ಬಂದವರ ಕೈಗೆ ನೀರು ಕೊಟ್ಟಳು, ಪಾತ್ರೆ ಬೆಳಗಿದಳು — ಯಾರದೋ ಮನೆಯ ಕೆಲಸಕ್ಕೆ ಹೋದವಳ ಹಾಗೆ. ಅಸ್ಥಿ ಬಿಡುವ ಹೊತ್ತಿಗೆ ಅಳು ಬಂದೇ ಬರುತ್ತದೆ ಎಂದು ನಂಬಿಕೊಂಡಿದ್ದಳು. ಅದಕ್ಕೇ ಊರಿಂದ ಚೊಂಬನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡು ಬಂದದ್ದು. ಈಗ ಅಳುವುದಕ್ಕೆ ಚೊಂಬೇ ಇರಲಿಲ್ಲ.

ಶಿವರಾಮ ಚೀಲ ಕಿತ್ತುಕೊಂಡು ಒಳಗೆ-ಹೊರಗೆ ಮಾಡಿದ. ಇಟ್ಟಿಗೆಯ ಪುಡಿ ಉದುರಿತು, ಅಷ್ಟೆ.

“ಒಂದು ಚೊಂಬು ಹಿಡ್ಕಂಡು ಕೂರಕ್ಕಾಗ್ಲಿಲ್ವನೇ ನಿನ್ ಕೈಲಿ? ಅಪ್ಪನ್ನೇ ಕಳದ್ಯಲ್ಲೇ!”

“ಅವಳಿಗೆ ಎಂತಕ್ಕೆ ಬೈತಿ ಮಾರಾಯ? ಚೀಲ ಎಲ್ಲರ ಕೈಗೂ ಹೋಗಿತ್ತಲ್ಲ” ಎಂದರು ಭೀಮಣ್ಣ.

ಭೀಮಣ್ಣ ಸೋದರಮಾವ, ಅಮ್ಮ ರಾಧಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಪೊಲೀಸ್ ಕೆಲಸ ಮುಗಿಸಿ ಈಗ ಸೊರಬದಲ್ಲಿ ಮನೆ. ಯಾರ ಮಾತನ್ನಾದರೂ ಒಂದು ಸಲ ಕೇಳಿದರೆ ಸಾಕು, ಅವರಂತೆಯೇ ಮಾತಾಡಿ, ಅವರಂತೆಯೇ ಕೆಮ್ಮಿ ತೋರಿಸುವ ಚಾಳಿ. ಕಳ್ಳನ ದನಿಯನ್ನು ಕಳ್ಳನಿಗೇ ಕೇಳಿಸಿ ಒಪ್ಪಿಸುತ್ತಿದ್ದರು ಎಂದು ಠಾಣೆಯಲ್ಲಿ ಇನ್ನೂ ಹೇಳುತ್ತಾರೆ.

“ಆಸ್ತಿ ಕಳಕಂಡವ್ರ ದೂರು ಬೇಕಾದಷ್ಟು ಬರ್ಕಂಡೀನಿ” ಎಂದರು ಅವರು, ಇಟ್ಟಿಗೆಯನ್ನು ಕೈಗೆ ತೆಗೆದುಕೊಳ್ಳುತ್ತ. “ಅಸ್ಥಿ ಕಳಕಂಡವ್ರು ನೀವೇ ಮೊದಲು.”

ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಪುರೋಹಿತರು ಹಾಲಿನ ಬಟ್ಟಲಿಗೆ ಎಲೆ ಮುಚ್ಚಿದರು. “ನೋಡಿ, ನಂಗಿನ್ನೂ ಎರಡು ಕುಟುಂಬ ಕಾಯ್ತಿದೆ. ಅಷ್ಟರಲ್ಲಿ ಹುಡುಕ್ಕೊಂಡು ಬನ್ನಿ. ಸಿಕ್ಕದಿದ್ರೆ ಬರೀ ಎಳ್ಳುನೀರು ಬಿಡಿಸಿ ಕಳಿಸ್ತೀನಿ. ಬೇರೆ ಏನು ಮಾಡೋದು?”

“ಹೋದದ್ದು ಹೋತು” ಎಂದಳು ರಾಧಮ್ಮ. “ಎಳ್ಳುನೀರೇ ಬಿಟ್ಟು ಹೋಗನ.”

ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಅಮ್ಮನಿಗೂ ನನ್ನ ಹಾಗೇ ಜೋಮು ಹಿಡಿದಿದೆ ಎಂದುಕೊಂಡಳು ಕರುಣಾ.

“ಆಗಲ್ಲಮ್ಮ!” ಶಿವರಾಮ ಚೀಲವನ್ನು ಮತ್ತೊಮ್ಮೆ ಕೊಡವಿದ. “ಅಪ್ಪನಿಗೆ ಇದೊಂದಾದ್ರೂ ಸರಿಯಾಗಿ ಮಾಡ್ತೀನಿ ಅಂದಿದ್ದೆ. ಮಗ ಅಂತ ಇರದು ಎಂತಕ್ಕೆ ನಾನು? ಇದನ್ನೂ ಕಳ್ಕಂಡು ಊರಿಗೆ ಹೋಗ್ಲಾ?”

*

ಗಾಡಿ ಮತ್ತೆ ಕೋಟೆಯ ಕಡೆ ತಿರುಗಿತು. ಓಡಿಸುತ್ತಿದ್ದವನು ಅರುಣ, ತೊಗರ್ಸಿ ಕಡೆಯವನು, ಶಿಕಾರಿಪುರದಲ್ಲಿ ಬಾಡಿಗೆ ಗಾಡಿ ಇಟ್ಟುಕೊಂಡವನು. ಹಿಂದೆ ಶಿವರಾಮ, ಅವನ ಹೆಂಡತಿ ಮೀನಾ, ರಾಧಮ್ಮ. ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತ ಭೀಮಣ್ಣ. ಕಿಟಕಿಯ ಪಕ್ಕ ಕರುಣಾ, ತೊಡೆಯ ಮೇಲೆ ಖಾಲಿ ಚೀಲ.

ನಡೆದದ್ದು ಇಷ್ಟು. ಅವರು ಬೆಳಿಗ್ಗೆ ಹೊಳೆದಂಡೆಗೆ ಬಂದಾಗ ಜನವೋ ಜನ. ‘ಊಟದ ಹೊತ್ತು ಕಳೆದ ಮೇಲೆ ಬನ್ನಿ’ ಎಂದಿದ್ದರು ಪುರೋಹಿತರು. ‘ಬಂದಮೇಲೆ ಅವಸರ ಮಾಡಬಾರದು. ಬಟ್ಟೆ ಬಿಚ್ಚಿ, ಒಂದೊಂದೇ ಮೂಳೆ ಹಾಲಲ್ಲಿ ತೊಳೆದು ಬಿಡಬೇಕು.’ ಅಲ್ಲಿವರೆಗೆ ಕೋಟೆಯೊಳಗೆ ಒಂದು ಸುತ್ತು ಹಾಕೋಣ, ರಂಗನಾಥನನ್ನೂ ನೋಡಿದ ಹಾಗಾಯಿತು ಎಂದವಳು ಮೀನಾ.

ಆದರೆ ಅಸ್ಥಿಯ ಚೀಲ ಗುಡಿಯೊಳಗೆ ಹೋಗುವಂತಿಲ್ಲ. ನೆಲಕ್ಕೆ ಇಡುವಂತೆಯೂ ಇಲ್ಲ. ಊರಲ್ಲಿ ಅದು ತಿಂಗಳಿಡೀ ಹಿತ್ತಿಲ ಮಾವಿನ ಕೊಂಬೆಗೆ ಮಣ್ಣಿನ ಕುಡಿಕೆಯಲ್ಲಿ ನೇತಾಡಿತ್ತು. ಗಾಡಿಯ ಕುಲುಕಾಟಕ್ಕೆ ಕುಡಿಕೆ ಒಡೆದೀತು ಎಂದು ರಾಧಮ್ಮ ನಿನ್ನೆ ಸಂಜೆ ತಾಮ್ರದ ಚೊಂಬಿಗೆ ಹಾಕಿ ಬಾಯಿಗೆ ಬಿಳಿ ಬಟ್ಟೆ ಬಿಗಿದಿದ್ದಳು. ದಾರಿಯಲ್ಲಿ ಚಹಾಕ್ಕೆ ಇಳಿದಾಗಲೂ ಚೀಲ ಕೈಯಿಂದ ಕೈಗೆ ದಾಟಿತೇ ಹೊರತು ನೆಲ ಕಾಣಲಿಲ್ಲ. ಕರುಣಾ ಮರೆತು ಒಮ್ಮೆ ಸೀಟಿನ ಕೆಳಗೆ ಇಡಲು ಹೋದಾಗ ಅರುಣನೇ ಹೌಹಾರಿದ್ದ: ‘ಅಯ್ಯ, ಬ್ಯಾಡ್ರಿ ಮೇಡಂ! ಮ್ಯಾಲೆ ಕೊಕ್ಕೆ ಐತಿ, ತೂಗು ಹಾಕ್ರಿ.’

ಹೀಗಾಗಿ ಕೋಟೆಯೊಳಗೆ ಸರದಿಯ ಪಹರೆ.

“ಕರುಣಾ, ನಿನ್ನಿಂದ ಶುರು” ಎಂದರು ಭೀಮಣ್ಣ. “ಗುಡಿ ಮುಂದೆ ಚೀಲ ಇಟ್ಗಂಡು ಕೂತವ್ಳು ನೀನು. ಎಲ್ಲಿ?”

“ಬಳೆ ಅಂಗಡಿ ಕಟ್ಟೆ ಮೇಲೆ.”

“ಆವಾಗ ಒಳಗಿದ್ದದ್ದು ಚೊಂಬೇ?”

“ಹೂಂ. ಮುಟ್ಟಿ ನೋಡ್ಕೊಂಡಿದ್ದೆ. ಮೇಲಿನ ಗಂಟು ಕೈಗೆ ಸಿಕ್ತಿತ್ತು.”

“ಎಂತ ಕಂಡೆ ಅಲ್ಲಿ?”

ಏನು ಕಂಡಳು? ಕುಂಕುಮದ ಗುಡ್ಡೆಗಳು, ಹಿತ್ತಾಳೆ ದೀಪಗಳು, ಬಣ್ಣದ ಮರದ ಬುಗುರಿಗಳು, ಖಾರ ಹಚ್ಚಿದ ಸೌತೆಕಾಯಿ ಹೋಳುಗಳು. ಚೌಕಟ್ಟಿನೊಳಗಿನ ದೇವರುಗಳೆಲ್ಲ ಒಂದೇ ಮುಖದಲ್ಲಿ ನೋಡುತ್ತಿದ್ದರು. ಎತ್ತರದ ಗೋಪುರ, ಅದರಾಚೆ ಕೋಟೆಯ ಕಪ್ಪು ಗೋಡೆ. ಇಷ್ಟೆಲ್ಲ ಕಣ್ಣಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

“ಅಂಗಡಿಗಳು” ಎಂದಳು.

“ಆಮೇಲೆ?”

“ಅಮ್ಮ ಮೊದಲು ಹೊರಗೆ ಬಂದ್ಲು. ‘ನೀ ಹೋಗಿ ಬಾ, ನಾ ಇರ್ತೀನಿ’ ಅಂತ ಚೀಲ ತಗೊಂಡ್ಲು. ನಾನು ಒಳಗೆ ಹೋದೆ.”

ಒಳಗೆ ರಂಗನಾಥ ಮಲಗಿದ್ದ. ದೊಡ್ಡ ಕಪ್ಪು ದೇವರು, ಅರೆಗಣ್ಣು ಮುಚ್ಚಿ, ಹಾವಿನ ಹಾಸಿಗೆಯ ಮೇಲೆ. ಆಸ್ಪತ್ರೆಯ ಮಂಚದಲ್ಲಿ ಅಪ್ಪನೂ ಹಾಗೇ ಮಗ್ಗುಲಾಗಿದ್ದ. ಹಿಂದಿನವರು ನೂಕಿದರು, ಮುಂದೆ ಹೋದಳು. ಅಷ್ಟೇ ದರ್ಶನ.

“ನೀ ಬರೋ ಹೊತ್ತಿಗೆ ಚೀಲ ಯಾರ ಹತ್ರ ಇತ್ತು?”

“ಅತ್ತಿಗೆ ಹತ್ರ.”

ಮೀನಾ ಮುಂದಕ್ಕೆ ಬಾಗಿದಳು. “ನಾ ಗುಡಿಯಿಂದ ಬಂದ್ರೆ ಅತ್ತೆ ಕಟ್ಟೆ ಮೇಲೆ ಕೂತಿದ್ರು ಮಾವ. ಬಾಯಿ ಒಣಗ್ತದೆ, ನೀರು ಕುಡಿದು ಬರ್ತೀನಿ ಅಂತ ಚೀಲ ನಂಗೆ ಕೊಟ್ರು. ನಾನು ಹೆಗಲಿಗೆ ಹಾಕ್ಕಂಡೆ.”

“ಹೆಗಲಿಂದ ಇಳಿಸ್ಲೇ ಇಲ್ಲ?”

ಮೀನಾ ಕೈಯಲ್ಲಿದ್ದ ಹೊಸ ಬಳೆಗಳ ಪೊಟ್ಟಣವನ್ನು ಸೆರಗಿನೊಳಕ್ಕೆ ಸರಿಸಿದಳು.

ಭೀಮಣ್ಣ ತಕ್ಷಣ ದನಿ ಬದಲಿಸಿದರು. ಥೇಟ್ ಮೀನಾಳ ದನಿ. “‘ಎಂತ ರೇಟ್ರೀ ಇದು! ನಮ್ಮ ಸೊರಬದ ಸಂತೇಲಿ ಇದರರ್ಧಕ್ಕೆ ಕೊಡ್ತಾರೆ!’ — ಗುಡಿ ಬಾಗಿಲವರೆಗೂ ಕೇಳ್ತಿತ್ತು ನಿನ್ನ ಚೌಕಾಸಿ. ಬಳೆ ತೊಟ್ಟು ನೋಡ್ಬೇಕಾದ್ರೆ ಚೀಲ ಎಲ್ಲಿಟ್ಟೆ ತಾಯಿ?”

“ನೆಲಕ್ಕಿಡ್ಲಿಲ್ಲ!” ಮೀನಾಳ ಕಣ್ಣು ತುಂಬಿತು. “ಅಂಗಡಿ ಕಂಬದ ಮೊಳೆಗೆ ಸಿಗಿಸಿದ್ದೆ. ಒಂದು ಸ್ವಲ್ಪ ಹೊತ್ತು... ಬೆನ್ನು ಹಾಕಿದ್ದೆ. ಮಾವನೋರನ್ನ ಹೆಗಲ ಮೇಲೆ ಹೊತ್ಗಂಡು ಬಳೆ ಹಾಕ್ಕಳದು ಸರಿ ಅನ್ನಿಸ್ಲಿಲ್ಲ.”

“ನಿನಗೆ ಬಳೆ ಬೇಕಿತ್ತು, ಅಪ್ಪನ ಚೀಲ ಬ್ಯಾಡಾಗಿತ್ತು!” ಎಂದ ಶಿವರಾಮ.

“ನೀ ಸುಮ್ನಿರು. ನಿನ್ನ ಸರದಿ ಈಗ. ಮೊಳೆಯಿಂದ ಚೀಲ ತೆಗೆದವ್ನು ನೀನು. ಆಮೇಲೆ?”

“ಎಲ್ಲಾ ಕೋಟೆ ಗೋಡೆ ನೋಡಕ್ಕೆ ಹೋದ್ವಲ್ಲ, ನೀವೂ ಇದ್ರಿ. ಚೀಲ ನನ್ನ ಹೆಗಲ ಮೇಲೇ ಇತ್ತು. ಆಫೀಸಿಂದ ಫೋನ್ ಬಂತು...”

“‘ಹಲೋ... ಹಾಂ ಸಾರ್... ಇಲ್ಲ ಸಾರ್, ಊರಲ್ಲಿಲ್ಲ ಸಾರ್... ಬಂದ ಕೂಡ್ಲೇ... ಬಂದ ಕೂಡ್ಲೇ ಮಾಡಿ ಕೊಡ್ತೀನಿ ಸಾರ್!’” ಭೀಮಣ್ಣ ಬೆನ್ನು ಬಾಗಿಸಿ, ಒಂದು ಕಿವಿ ಮುಚ್ಚಿಕೊಂಡರು. ಅರುಣ ಕನ್ನಡಿಯಲ್ಲಿ ನೋಡಿ ಸಣ್ಣಗೆ ನಕ್ಕ. “ಹಂಗೇ ಮಾತಾಡ್ತಾ ಗೋಡೆ ಹಿಂದೆ ಹೋದ್ಯಲ್ಲ. ಒಬ್ನೇ.”

“ಮಾವ! ನಾನು? ನನ್ನಪ್ಪನ ಅಸ್ಥಿ ನಾನು ಎಂತಕ್ಕೆ ಬಚ್ಚಿಡ್ಲಿ?”

“ಕೇಳೋದು ನನ್ನ ಕೆಲಸ. ತೂಕ ಎಂಗಿತ್ತು?”

“ಭಾರವೇ ಇತ್ತು.”

“ಇಟ್ಟಿಗೆನೂ ಭಾರನೇ. ಆಮೇಲೆ ಅರುಣ?”

“ಹೌದ್ರಿ” ಎಂದ ಅರುಣ ರಸ್ತೆಯಿಂದ ಕಣ್ಣು ತೆಗೆಯದೆ. “ನೀವೆಲ್ಲ ಚುರುಮುರಿ ತಿನ್ನಾಕ ನಿಂತ್ರಿ. ಶಿವರಾಮ ಸಾರ್ ಚೀಲ ನನ್ನ ಕೈಗ ಕೊಟ್ರು. ನಾ ಕೊಕ್ಕಿಗೆ ಹಾಕಿ ಗಾಡಿ ಬಾಗಿಲ ಹಾಕ್ಕೊಂಡು ಒಳಗ ಕುಂತಿದ್ದೆ. ಅದರ ಕಡಿಗೆ ನೋಡ್ಲಿಲ್ರಿ. ಖರೇ ಹೇಳ್ಬೇಕಂದ್ರ, ಹೆದರಿಕಿ.”

“ಯಾರ ಹೆದರಿಕೆ?”

“ಹಿರಿಯರದು ರೀ. ಗುರುತಿಲ್ಲ ಪರಿಚಯಿಲ್ಲ, ಇಬ್ರೇ ಗಾಡ್ಯಾಗ.”

ಭೀಮಣ್ಣ ಕೊನೆಗೆ ಅಕ್ಕನ ಕಡೆ ತಿರುಗಿದರು. ರಾಧಮ್ಮ ಕಿಟಕಿಯಾಚೆ ಕೋಟೆಯ ಕಂದಕವನ್ನು ನೋಡುತ್ತಿದ್ದಳು.

“ಅಕ್ಕ, ನೀನು?”

“ಕರುಣಾ ಒಳಗೆ ಹೋದ್ಲು, ನಾ ಕೂತಿದ್ದೆ. ಮೀನಾ ಬಂದ್ಲು, ಕೊಟ್ಟೆ. ಇನ್ನೆಂತದಾ?”

“ಇನ್ನೇನಿಲ್ಲ.”

ಗಾಡಿ ಕೋಟೆಯ ಬಾಗಿಲೊಳಗೆ ನುಗ್ಗಿತು. ಗುಡಿಯ ಕಡೆ ಬೆರಳು ಮಾಡಿ ಭೀಮಣ್ಣ ತಮ್ಮಷ್ಟಕ್ಕೇ ಅಂದರು: “ರಂಗನಾಥ ಶೇಷನ ಮೇಲೆ ಹಾಯಾಗಿ ಮಲಗ್ಯಾನೆ. ನಮ್ಮ ಶೇಷಪ್ಪ ಬಾವ ಎಲ್ಲಿ ಮಲಗ್ಯಾರೋ.”

*

ಬಳೆ ಅಂಗಡಿಯವನು ಮೀನಾಳನ್ನು ನೋಡಿದ ಕೂಡಲೇ ಕೈ ಆಡಿಸಿದ. “ವಾಪಸ್ ತಗೊಳ್ಳಲ್ಲ ಅಕ್ಕ, ಮೊದ್ಲೇ ಹೇಳಿದ್ನಲ್ಲ!”

“ವಾಪಸ್ ಕೊಡಕ್ಕೆ ಬಂದಿಲ್ಲ, ತಗಂಡು ಹೋಗಕ್ಕೆ ಬಂದೀವಿ” ಎಂದರು ಭೀಮಣ್ಣ. ಇಟ್ಟಿಗೆಯನ್ನು ಅವನ ಮೂಗಿನ ಕೆಳಗೆ ಹಿಡಿದರು. “ಇಂಥದ್ದು ಇಲ್ಲಿ ಎಲ್ಲಿ ಸಿಕ್ತದೆ?”

ಅಂಗಡಿಯವನು ಇಟ್ಟಿಗೆಯನ್ನೂ ಅವರನ್ನೂ ನೋಡಿದ. “ಕೋಟೆದು ಅದು. ಹಿಂದೆ ಗೋಡೆ ಮೇಲ್ಗಡೆ ಉದುರ್ತಾ ಇರುತ್ತೆ. ಯಾಕೆ ಸಾರ್, ಮನೆ ಕಟ್ಟಿಸ್ತೀರಾ?”

“ಕೋಟೆ ಕಟ್ಟಿಸ್ತೀನಿ. ದಾರಿ ಎಲ್ಲಿ?”

ಅಂಗಡಿಯ ಪಕ್ಕದಲ್ಲಿ ಒಬ್ಬರು ಹೋಗುವಷ್ಟು ಸಂದಿ. ಅದರಾಚೆ ರಟ್ಟಿನ ಪೆಟ್ಟಿಗೆಗಳ ರಾಶಿ, ಒಂದು ಗಿಡ್ಡ ಬೇವಿನ ಮರ, ಆಮೇಲೆ ಗೋಡೆ. ಕೆಳಗೆ ಆನೆಯಂಥ ಕಲ್ಲುಗಳು, ಮೇಲೆ ಸವೆದ ಇಟ್ಟಿಗೆ. ಇಟ್ಟಿಗೆಯ ಚೂರುಗಳು ಬುಡದಲ್ಲಿ ಬಿದ್ದಿದ್ದವು. ಅವೆಲ್ಲ ಬಿಸಿಲಿಗೆ ಬೂದು ತಿರುಗಿದ್ದವು. ಒಂದು ಕಡೆ ಮಾತ್ರ, ಆಗಷ್ಟೇ ಏನನ್ನೋ ಎತ್ತಿದ ಹಾಗೆ, ಹಸಿ ಮಣ್ಣಿನ ಗುಳಿ ಇತ್ತು.

ಭೀಮಣ್ಣ ಇಟ್ಟಿಗೆಯನ್ನು ಗುಳಿಯೊಳಗೆ ಕೂರಿಸಿದರು. ಸರಿಯಾಗಿ ಕೂತಿತು.

“ಇಲ್ಲೇ ಎಲ್ಲೋ ಇದೆ. ಹುಡುಕ್ರಿ.”

ಶಿವರಾಮ ಲಂಟಾನದ ಪೊದೆ ಸರಿಸಿದ. “ಮಾವ!”

ಚೊಂಬು ಮಣ್ಣಿನ ಮೇಲೆ ಕೂತಿತ್ತು. ಬಾಯಿಗೆ ಕಟ್ಟಿದ್ದ ಬಟ್ಟೆ ಕದಲಿರಲಿಲ್ಲ. ಇರುವೆಗಳು ಅದನ್ನು ಬಳಸಿಕೊಂಡು ಸಾಲಾಗಿ ಹೋಗುತ್ತಿದ್ದವು.

ಶಿವರಾಮ ಅದನ್ನು ಎತ್ತಿ ಎದೆಗೊತ್ತಿಕೊಂಡ. ಮೀನಾ ಜೋರಾಗಿ ಅತ್ತಳು. ಅರುಣ ಚಪ್ಪಲಿ ಬಿಟ್ಟು ಕೈ ಮುಗಿದ. ಈಗಲಾದರೂ ಬರುತ್ತದೇನೋ ಎಂದು ಕರುಣಾ ಕಾದಳು. ಬರಲಿಲ್ಲ. ಕಳೆದಾಗ ಹೇಗಿದ್ದಳೋ ಸಿಕ್ಕಾಗಲೂ ಹಾಗೇ ಇದ್ದಳು.

ರಾಧಮ್ಮ ಬೇವಿನ ಮರದ ಆಚೆಯೇ ನಿಂತಿದ್ದಳು. “ಸಿಕ್ತಲ್ಲ. ಎಲ್ಲೆಲ್ಲೋ ಬಿದ್ದು ಮೈಲಿಗೆ ಆಗ್ಯದೆ ಅದು. ಬಿಚ್ಚದೆಲ್ಲ ಬ್ಯಾಡ ಶಿವು, ಹಂಗೇ ನೀರಿಗೆ ಬಿಟ್ಬಿಡು.”

“ನಡೀರಿ, ನಡೀರಿ, ಹೊತ್ತಾಯ್ತು” ಎಂದು ಶಿವರಾಮ ಹೊರಟೇಬಿಟ್ಟ.

“ನಿಲ್ಲೋ” ಎಂದರು ಭೀಮಣ್ಣ. ತಮಾಷೆಯ ಪಸೆ ಅವರ ದನಿಯಲ್ಲಿ ಇರಲಿಲ್ಲ. “ಚೊಂಬು ಎಲ್ಲಿತ್ತು?”

“ಇಲ್ಲೇ. ನಿಮ್ಮ ಕಣ್ಣೆದುರಿಗೇ ಎತ್ತಿದ್ನಲ್ಲ.”

“ಎಲ್ಲಿಂದ ಎತ್ತಿದೆ?”

“ನೆಲದಿಂದ.”

ಹೇಳಿದ ಮೇಲೆ ಶಿವರಾಮನಿಗೇ ತಾನು ಹೇಳಿದ್ದು ಕೇಳಿಸಿತು. ಅವನು ಚೊಂಬನ್ನೂ ಇರುವೆಯ ಸಾಲನ್ನೂ ನೋಡಿದ.

“ನೆಲದಿಂದ” ಎಂದರು ಭೀಮಣ್ಣ. “ಸಿಕ್ಕಿದ ಖುಷೀಲಿ ಯಾರೂ ಇದನ್ನ ನೋಡ್ಲಿಲ್ಲ. ಈಗ ಯೋಚ್ನೆ ಮಾಡ್ರಿ. ಹೊರಗಿನ ಕಳ್ಳ ಇದನ್ನ ಕದ್ದಿದ್ರೆ?”

“ಮೊಳೆಯಿಂದ ಎತ್ಕಂಡು ಹೋಗಿರ್ತಾನೆ” ಎಂದಳು ಮೀನಾ.

“ಚೀಲ ಸಮೇತ ಓಡ್ತಿದ್ದ. ತೂಕಕ್ಕೆ ಇಟ್ಟಿಗೆ ಹುಡುಕಿ ಇಡ್ತಾ ಕೂರ್ತಿರ್ಲಿಲ್ಲ. ತಾಮ್ರನ ಪೊದೇಲಿ ಬಿಟ್ಟು ಹೋಗ್ತಿರ್ಲಿಲ್ಲ, ಗುಜರಿಗೆ ಹಾಕ್ತಿದ್ದ. ಅಂದ್ಮೇಲೆ ಹೊರಗಿನವ್ರಲ್ಲ.”

“ಮತ್ತೆ ಯಾರು?”

“ನಮ್ಮೊಳಗಿನವ್ರು. ಚೀಲ ಹಗುರ ಆದ್ರೆ ಗೊತ್ತಾಗ್ತದೆ ಅಂತ ಹೆದರಿದವ್ರು. ಆದ್ರೆ ನಮ್ಮೊಳಗಿನವ್ರು ಬಚ್ಚಿಡೋದಾದ್ರೆ ಎಲ್ಲಿ ಇಡ್ತಾರೆ? ಬೇವಿನ ಕೊಂಬೆ ಕೈಗೆ ಸಿಕ್ತದೆ, ನೋಡು. ಸೆರಗಿನ ಚೂರು ಹರಿದು ಕಟ್ಟಿದ್ರೆ ಮುಗೀತು.” ಭೀಮಣ್ಣ ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತರು. ಮೊದಲು ಮೀನಾ. “‘ನೆಲಕ್ಕಿಡ್ಲಿಲ್ಲ! ಮೊಳೆಗೆ ಸಿಗಿಸಿದ್ದೆ!’ — ಬಳೆ ಆಸೇಲೂ ನಿಂಗೆ ಆ ನಿಗಾ ಇತ್ತು.” ಆಮೇಲೆ ಅರುಣ. “‘ಅಯ್ಯ, ಬ್ಯಾಡ್ರಿ ಮೇಡಂ, ಕೊಕ್ಕೆ ಐತಿ!’ — ಗುರುತಿಲ್ಲದ ಹೆಣದ ಬೂದಿಗೂ ಇವ ನೆಲ ಮುಟ್ಟಿಸಲ್ಲ.” ಶಿವರಾಮ. “‘ಹಾಂ ಸಾರ್, ಊರಲ್ಲಿಲ್ಲ ಸಾರ್’ — ಸಾಹೇಬ್ರ ಫೋನಿಗೆ ನಡು ಬಗ್ಗಿಸ್ದ, ಹೆಗಲು ಬಗ್ಗಿಸ್ಲಿಲ್ಲ, ಚೀಲ ಜಾರ್ತದೆ ಅಂತ. ನಾ ನೋಡ್ತಾ ಇದ್ದೆ.”

ಅವರು ಶಿವರಾಮನ ಕೈಯಿಂದ ಚೊಂಬು ತೆಗೆದುಕೊಂಡು ಕರುಣಾಳ ಕಿವಿಯ ಹತ್ತಿರ ಅಲುಗಿಸಿದರು.

“ಎಂತ ಕೇಳ್ತದೆ?”

“ಏನೂ ಇಲ್ಲ.”

“ಬೆಳಿಗ್ಗೆ? ತೊಡೆ ಮೇಲೆ ಇಟ್ಗಂಡು ಬಂದ್ಯಲ್ಲ.”

ಕರುಣಾ ಯೋಚಿಸಿದಳು. ಶಿಕಾರಿಪುರ ಬಿಟ್ಟ ಮೇಲಿನ ಒಂದೊಂದು ಗುಂಡಿ, ಒಂದೊಂದು ಉಬ್ಬು. ಅಪ್ಪ ಬಸ್ಸು ಹತ್ತಿದರೆ ಅವಕ್ಕೆಲ್ಲ ಬೈಯುತ್ತಿದ್ದ. ಮಗಳ ಮನೆಗೆ ಬಂದರೂ ಸಂಜೆಯ ಬಸ್ಸಿಗೆ ವಾಪಸ್, ತನ್ನ ಊರು ಬಿಟ್ಟು ನಿದ್ದೆ ಹತ್ತುವುದಿಲ್ಲ ಎಂದು. ಅವನನ್ನೇ ಹೊತ್ತು ಅಷ್ಟು ದೂರ ಬಂದಿದ್ದಳು, ಚೊಂಬು ಒಂದು ಸಲವೂ ಸದ್ದು ಮಾಡಿರಲಿಲ್ಲ.

“ಇರಲಿಲ್ಲ ಮಾವ. ಸದ್ದು ಬೆಳಿಗ್ಗೆಯೂ ಇರಲಿಲ್ಲ. ನನಗೇ ಏನೂ ಕೇಳಿಸ್ತಿಲ್ಲ ಅಂದ್ಕೊಂಡೆ.”

“ನಿನ್ನ ಕಿವಿ ಸರಿಯಾಗೇ ಇದೆ. ಮೂಳೆ ಇದ್ರೆ ತಾಮ್ರ ಸುಮ್ನಿರಲ್ಲ.” ಭೀಮಣ್ಣ ಚೊಂಬನ್ನು ನಿಧಾನವಾಗಿ ಕೆಳಗಿಳಿಸಿ, ಎಲ್ಲರೂ ನೋಡುತ್ತಿದ್ದಂತೆ, ಮಣ್ಣಿನ ಮೇಲೆ ಇಟ್ಟರು. ಅರುಣ “ರೀ!” ಎಂದ. “ಇದನ್ನ ನೆಲಕ್ಕೆ ಇಡಬಹುದು. ಇದರೊಳಗೆ ಬಾವ ಇಲ್ಲ. ಅದು ಗೊತ್ತಿದ್ದವ್ರು ಮಾತ್ರ ನೆಲಕ್ಕೆ ಇಟ್ಟಾರು. ಪುರೋಹಿತರು ಬಟ್ಟೆ ಬಿಚ್ಚಿ ಮೂಳೆ ತೊಳೀತೀನಿ ಅಂದಾಗ ಅವ್ರೊಬ್ರಿಗೇ ಎದೆ ಧಸಕ್ ಅಂದಿದ್ದು. ಕುಡಿಕೆಯಿಂದ ಚೊಂಬಿಗೆ ಹಾಕಿದ್ದು ಒಬ್ರೇ. ಕಟ್ಟೆ ಮೇಲೆ ಚೀಲ ಇಟ್ಗಂಡು ಒಬ್ರೇ ಕೂತಿದ್ದೂ ಅವ್ರೇ.”

ಎಲ್ಲರ ದನಿಯನ್ನೂ ತೆಗೆದವರು ಈ ಒಬ್ಬರ ದನಿಯನ್ನು ತೆಗೆಯಲಿಲ್ಲ. ತಮ್ಮದೇ ದನಿಯಲ್ಲಿ, ಸಣ್ಣಗೆ ಕೇಳಿದರು:

“ಅಲ್ದನಕ್ಕ?”

ರಾಧಮ್ಮ ಬೇವಿನ ಮರದ ಬುಡದಲ್ಲಿ ಕೂತುಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರನ್ನು.

“ಹೌದು ಭೀಮಾ” ಎಂದಳು. “ಬಚ್ಚಲೊಲೆ ಬೂದಿ ಅದು.”

ಅಂಗಡಿ ಸಾಲಿನಲ್ಲಿ ಯಾರೋ ಪೀಪಿ ಊದಿ ನೋಡುತ್ತಿದ್ದರು.

“ಅಪ್ಪ ಎಲ್ಲಿ?” ಎಂದ ಶಿವರಾಮ. ಮಗುವಿನ ಹಾಗೆ ಕೇಳಿದ.

“ನಮ್ಮೂರ ಹೊಳೇಲಿ, ದಂಡಾವತೀಲಿ. ನಿನ್ನೆ ಸಂಜೆ ಬಿಟ್ಟೆ, ಕುಡಿಕೆ ಸಮೇತ.”

“ನಾನು ಇಷ್ಟೆಲ್ಲ ಮಾಡ್ಕಂಡು... ಒಂದು ಮಾತು ಹೇಳಬಾರ್ದಿತ್ತೇನಮ್ಮ?”

“ಹೇಳಿದ್ನಲ್ಲ. ಕೊಂಬೆಗೆ ಕಟ್ಟಿದ ದಿನವೇ ಹೇಳಿದ್ದೆ, ಇಲ್ಲೇ ಹೊಳೆಗೆ ಬಿಡನ ಅಂತ. ನೀನು ಅತ್ಬಿಟ್ಟೆ. ಊರ ಹೊಳೆಗೆ ಬಿಟ್ರೆ ಮಗ ಎಂತ ಮಾಡ್ದ ಅಂತಾರೆ, ಕಾವೇರಿಗೇ ಬಿಡ್ಬೇಕು ಅಂದೆ. ಆಸ್ಪತ್ರೇಲಿ ಅವ್ರು ನನ್ನ ಕೈ ಹಿಡ್ಕಂಡು ಹೇಳಿದ್ರು — ಇನ್ನು ನನ್ನ ಎಲ್ಲಿಗೂ ತಗಂಡು ಹೋಗ್ಬ್ಯಾಡ, ರಾಧಾ. ಹೊಳೆ ದಾಟ್ಸಬ್ಯಾಡ.” ರಾಧಮ್ಮ ಕೈಯನ್ನು ಮಗುಚಿ ನೋಡಿಕೊಂಡಳು. “ಅವ್ರಿಗೂ ಇಲ್ಲ ಅನ್ನಕ್ಕಾಗ್ಲಿಲ್ಲ. ನಿಂಗೂ ಇಲ್ಲ ಅನ್ನಕ್ಕಾಗ್ಲಿಲ್ಲ. ಗಂಟು ಬಿಚ್ಚದೆ ಬಿಡ್ತಾರೆ ಅಂದ್ಕಂಡಿದ್ದೆ. ಆ ಭಟ್ರು ಮೂಳೆ ತೊಳೀತೀನಿ ಅಂದ್ರು. ನಿನ್ನ ಎದುರಿಗೆ ಬೂದಿ ಬಿಚ್ಚದ್ನ ಹೆಂಗೆ ನೋಡ್ಲಾ ನಾನು?”

“ಅದಕ್ಕೆ ಇಡೀ ಹೊತ್ತು ನಾನು ಇವಳಿಗೆ ಬೈದೆ” ಎಂದ ಶಿವರಾಮ, ಕರುಣಾಳ ಕಡೆ ನೋಡದೆ.

“ಅದೊಂದು ತಪ್ಪು ನಂದು. ಬಾಯಿ ತೆಗೀಲಿಕ್ಕೆ ಆಗ್ಲಿಲ್ಲ.”

ಕರುಣಾ ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮನಿಗೆ ಜೋಮು ಹಿಡಿದಿರಲಿಲ್ಲ. ಅಮ್ಮ ಅಪ್ಪನನ್ನು ಕಳಿಸಿಕೊಟ್ಟು ಬಂದಿದ್ದಳು. ಅಷ್ಟೇ ವ್ಯತ್ಯಾಸ.

ಶಿವರಾಮ ಕೋಟೆಯ ಕಲ್ಲಿಗೆ ಒರಗಿದ. ಮೀನಾ ಅವನ ತೋಳು ಮುಟ್ಟಿದಳು, ಅವನು ಕೊಸರಲಿಲ್ಲ.

“ನೀರಿತ್ತೇನಮ್ಮ ಹೊಳೇಲಿ?”

“ಮೊಳಕಾಲುದ್ದ ಇತ್ತು. ಬಂಡೆ ಹತ್ರ ಸೆಳವೂ ಇತ್ತು.”

“ಒಬ್ಳೇ ಹೋಗಿದ್ಯಾ?”

“ಒಬ್ಳೇ ಎಂಗಾಗ್ತದಾ? ನಿಮ್ಮಪ್ಪ ಇದ್ರಲ್ಲ.”

*

ಮೆಟ್ಟಿಲ ಮೇಲೆ ಪುರೋಹಿತರು ಹಾಲಿನ ಬಟ್ಟಲಿನ ಎಲೆ ತೆಗೆದರು. “ಸಿಕ್ತಾ ಅಸ್ಥಿ?”

ಭೀಮಣ್ಣ ಬಾಯಿ ತೆರೆದರು. ಅದಕ್ಕೆ ಮೊದಲೇ ಶಿವರಾಮ ಹೇಳಿದ:

“ಅಸ್ಥಿ ಊರಲ್ಲೇ ಬಿಟ್ಟಾಯ್ತು ಸ್ವಾಮಿ, ನಮ್ಮ ಹೊಳೆಗೆ. ಎಳ್ಳುನೀರು ಬಿಡ್ತೀವಿ.”

“ಬೆಳಿಗ್ಗೆ ತಂದಿದೀವಿ ಅಂದ್ರಲ್ಲ?”

“ನಾನು ಮರೆತಿದ್ದೆ.”

ಪುರೋಹಿತರು ಅವನ ಮುಖ ನೋಡಿದರು. ಇಂಥ ಮುಖಗಳನ್ನು ದಿನವೂ ನೋಡುವವರು, ಮತ್ತೆ ಕೇಳಲಿಲ್ಲ. “ತಂದೆಯವರ ಹೆಸರು?”

“ಶೇಷಪ್ಪ.”

ಅವನು ಹೊಳೆಗಿಳಿದು ನಿಂತ. ಬೊಗಸೆಯಿಂದ ಎಳ್ಳು, ನೀರು. ಭೀಮಣ್ಣ ದಂಡೆಯಲ್ಲಿ ಕೈಕಟ್ಟಿ ನಿಂತಿದ್ದರು, ಪುರೋಹಿತರ ಮೂಗಿನ ಮಂತ್ರವನ್ನು ಅಣಕಿಸದೆ.

ರಾಧಮ್ಮ ಒಂದು ಪಕ್ಕಕ್ಕೆ ಹೋಗಿ ಚೊಂಬಿನ ಗಂಟು ಬಿಚ್ಚಿದಳು. ಬೂದಿಯನ್ನು ದಂಡೆಯ ಗಿಡದ ಬುಡಕ್ಕೆ ಸುರಿದಳು. ಕೊನೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಮರಳು ತೆಗೆದು ಚೊಂಬನ್ನು ಉಜ್ಜಲು ಶುರುಮಾಡಿದಳು.

ಮೀನಾ ಬೆಚ್ಚಿದಳು. “ಅತ್ತೆ, ಅದನ್ನೂ ನೀರಿಗೆ ಬಿಡಲ್ವ?”

“ಎಂತಕ್ಕೆ? ಬಚ್ಚಲ ಬೂದಿ ಬಿಟ್ಟು ಬೇರೆಂತ ಕಂಡದೆ ಇದು? ಒಳ್ಳೇ ತಾಮ್ರ.”

ಕರುಣಾ ಅಮ್ಮನ ಪಕ್ಕದಲ್ಲಿ ಹೋಗಿ ಕೂತಳು. ಕೈ ಚಾಚಿದಳು. ರಾಧಮ್ಮ ಚೊಂಬನ್ನು ಅವಳ ಕೈಗೆ ಕೊಟ್ಟು, ಒಳಗಡೆ ಕಂಠದ ಹತ್ತಿರ ಇನ್ನೂ ಕಪ್ಪಿದೆ ಎಂದು ಬೆರಳಲ್ಲಿ ತೋರಿಸಿದಳು.

ಕರುಣಾ ಮರಳು ತುಂಬಿಕೊಂಡು ತೋಳನ್ನು ಮೊಣಕೈವರೆಗೂ ಹೊಳೆಗೆ ಇಳಿಬಿಟ್ಟಳು.

“ಅಯ್ಯಬ್ಬ!” ಕೈ ತಟಕ್ಕನೆ ಹಿಂದೆ ಬಂತು. “ಎಷ್ಟು ತಣ್ಣಗಿದೆಯಮ್ಮ ನೀರು!”

“ಹೊಳೆ ನೀರು ಮತ್ತೆ” ಎಂದಳು ರಾಧಮ್ಮ. “ಬಿಸಿ ಇರ್ತದನೇ? ಉಜ್ಜು.”